ಏಣಿಯ ಎಡಗೈ

ಈ ಕಸುಬಿನಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳಬೇಕಾಗಿಲ್ಲ. ‘ಕೈ ಮೇಲೆ.’ ಹುಡುಗರಿಗೂ ಅದೇ, ಹುಡುಗಿಯರಿಗೂ ಅದೇ, ಬೆಳಗ್ಗೆಯೂ ಅದೇ, ಸಂಜೆಯೂ ಅದೇ. ಹೇಳಿ ಹೇಳಿ ಗಂಟಲು ಹರಿದ ತಮಟೆಯಂತಾಗಿದೆ. ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತೇನಂತೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಾಬರಿಯಾಗಿ ಎದ್ದು ಕೂರುತ್ತಿದ್ದಳು. ಈಗ ಮಗ್ಗುಲು ಬದಲಿಸಿ, “ಎತ್ತಿದೀನಿ, ಮಲಕ್ಕೊಳ್ಳಿ” ಅನ್ನುತ್ತಾಳೆ.

ಗುದ್ದುವುದನ್ನು ಕಲಿಸುವುದು ದೊಡ್ಡ ಕೆಲಸವಲ್ಲ. ಮಕ್ಕಳು ಬಾಕ್ಸಿಂಗಿಗೆ ಬರುವುದೇ ಗುದ್ದುವುದಕ್ಕೆ. ಗುದ್ದು ತಿನ್ನದೆ ಇರುವುದನ್ನು ಕಲಿಯಬೇಕೆಂದು ಬಂದವರನ್ನು ನಾನಿನ್ನೂ ಕಂಡಿಲ್ಲ. ಗುದ್ದು ಬಂದರೆ ಒಬ್ಬ ಕಣ್ಣು ಮುಚ್ಚುತ್ತಾನೆ, ಒಬ್ಬಳು ಮುಖ ತಿರುಗಿಸುತ್ತಾಳೆ, ಇನ್ನೊಬ್ಬ ಗದ್ದ ಎತ್ತಿಕೊಂಡು ನೆಟ್ಟಗೆ ಹಿಂದಕ್ಕೆ ಓಡುತ್ತಾನೆ. ಆ ಚಟಗಳನ್ನು ಬಿಡಿಸಿ ಕಳಿಸುವಷ್ಟರಲ್ಲಿ ಅದೇ ಕಣ್ಣು ಮುಚ್ಚುವ ಇನ್ನೊಂದು ಮಗು ಬಾಗಿಲಲ್ಲಿ ನಿಂತಿರುತ್ತದೆ. ಸಾಕಪ್ಪಾ ಸಾಕು ಅನಿಸಿದೆ, ಎಷ್ಟೋ ಸಲ.

ಏಣಿಯ ವಿಷಯಕ್ಕೆ ಬರುತ್ತೇನೆ. ಅದು ಜಿಮ್ಮಿನ ಹುಡುಗರು ಅವಳಿಗಿಟ್ಟ ಹೆಸರು. ಹದಿನೇಳರ ಹುಡುಗಿ, ನನಗಿಂತ ಒಂದು ಗೇಣು ಎತ್ತರ, ಮೇಲಾಗಿ ಮನೆಗಳಿಗೆ ಬಣ್ಣ ಬಳಿಯುವವರ ಮಗಳು. ಹೆಸರು ಅಂಟಿಕೊಳ್ಳದೆ ಇರುತ್ತದೆಯೇ? ಅವಳೂ ನಗುತ್ತಲೇ ಓಗೊಡುತ್ತಿದ್ದಳು.

ಅವಳ ಎಡಗೈ ಗುದ್ದು ನೋಡಿದರೆ ನನ್ನ ದಣಿವು ಅರೆಗಳಿಗೆ ಮರೆಯಾಗುತ್ತಿತ್ತು, ಅಷ್ಟು ನೇರ, ಅಷ್ಟು ಚುರುಕು. ಹೋಗುವಾಗ ಸರಿ. ತಿರುಗಿ ಬರುವಾಗ ಮಾತ್ರ ಹೋದ ದಾರಿಯಲ್ಲಿ ಬರುತ್ತಿರಲಿಲ್ಲ. ಸೊಂಟದವರೆಗೆ ಇಳಿದು, ಅಲ್ಲಿ ಸ್ವಲ್ಪ ಸುಧಾರಿಸಿಕೊಂಡು, ಆಮೇಲೆ ಕೆನ್ನೆಯ ಹತ್ತಿರ ಏರುತ್ತಿತ್ತು. ಅಷ್ಟು ಹೊತ್ತೂ ಎಡಗೆನ್ನೆ ಬಟಾಬಯಲು.

ಹಿಂದಿನ ಪಂದ್ಯದಲ್ಲಿ ಎದುರಾಳಿಯ ಬಲಗೈ ಆ ಬಯಲಿಗೇ ಬಂದು ಬಿತ್ತು. ಏಣಿ ಕೂತುಬಿಟ್ಟಳು. ಎದ್ದಳು, ಕೈಕುಲುಕಿದಳು, ನಡೆದುಕೊಂಡೇ ಹೊರಗೆ ಬಂದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತು, “ನಾನು ಗೆದ್ನಾ ಮಾಸ್ಟ್ರೇ?” ಎಂದು ಕೇಳಿದಳು. ಇಲ್ಲ ಎಂದೆ. ಸ್ವಲ್ಪ ದೂರ ಹೋದಮೇಲೆ ಅದನ್ನೇ ಮತ್ತೆ ಕೇಳಿದಳು, ಮೊದಲ ಸಲ ಕೇಳುವವಳ ಹಾಗೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಲೆಯ ಚಿತ್ರ ತೆಗೆಸಿದರು, ತಿಂಗಳುಗಟ್ಟಲೆ ವಿಶ್ರಾಂತಿ ಹೇಳಿದರು. ಇಂಥದ್ದೇ ಇನ್ನೊಂದು ಏಟು ಬಿದ್ದರೆ ಆಟವನ್ನು ಮರೆತುಬಿಡಬೇಕು ಎಂದು ಡಾಕ್ಟರಮ್ಮ ಅವಳಿಗಲ್ಲ, ನನಗೆ ಹೇಳಿದರು.

ವಿಶ್ರಾಂತಿ ಮುಗಿಸಿ, ಡಾಕ್ಟರಮ್ಮನ ಒಪ್ಪಿಗೆ ಪಡೆದು ಅವಳು ವಾಪಸು ಬಂದ ದಿನವೇ ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. ಎಡಗೈ ಹೋದ ದಾರಿಯಲ್ಲೇ ತಿರುಗಿ ಬರುವವರೆಗೂ ರಿಂಗಿಗೆ ಬಿಡುವುದಿಲ್ಲ. ಮುಂದಿನ ಪಂದ್ಯ ಬಾಗಿಲಿಗೇ ಬಂದಿತ್ತು. ಅವಳಿಗೆ ಅದೇ ಪ್ರಾಣ. ತಲೆಯಾಡಿಸಿದಳು.

ನನಗೆ ಗೊತ್ತಿದ್ದ ಮದ್ದನ್ನೆಲ್ಲ ಅರೆದೆ. ಕನ್ನಡಿಯ ಮುಂದೆ ನಿಲ್ಲಿಸಿದೆ. ಪ್ರತಿ ಗುದ್ದಿನ ನಂತರ ಗ್ಲೌಸಿನಿಂದ ಕೆನ್ನೆ ಮುಟ್ಟಿಕೊಳ್ಳಬೇಕೆಂದೆ. ಗದ್ದಕ್ಕೂ ಭುಜಕ್ಕೂ ನಡುವೆ ಸ್ಪಂಜಿನ ತುಂಡು ಸಿಕ್ಕಿಸಿ, ಅದು ಬಿದ್ದರೆ ಮೊದಲಿನಿಂದ ಶುರು ಎಂದೆ. ಮೈ ಹಗುರವಾಗಿರುವಾಗ ಎಲ್ಲವೂ ಚೆನ್ನ. ಉಸಿರು ಮೇಲಕ್ಕೆ ಬಂದ ಕೂಡಲೇ ಕೈ ಸೊಂಟಕ್ಕೆ. ಸೋಮಾರಿ ಎಂದು ಬೈದೆ. ನಿನ್ನ ಕೈಗೇನು ಕಲ್ಲು ಕಟ್ಟಿದ್ದಾರಾ ಎಂದು ಹಂಗಿಸಿದೆ. ಎದುರು ಮಾತಾಡದೆ ಮತ್ತೆ ನಿಲ್ಲುತ್ತಿದ್ದಳು. ಅದನ್ನು ನೋಡಿ ಇನ್ನಷ್ಟು ಸುಸ್ತಾಗುತ್ತಿತ್ತು.

ಒಂದು ಸಂಜೆ ಬೈಯುವುದಕ್ಕೂ ತ್ರಾಣವಿಲ್ಲದೆ ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದೆ. ಆಗ ಕಂಡಿತು. ಅವಳ ಬಲಗೈ ಎಷ್ಟೇ ದಣಿದರೂ ಕೆನ್ನೆ ಬಿಟ್ಟು ಕದಲುತ್ತಿರಲಿಲ್ಲ. ಸೋಮಾರಿತನ ಒಂದೇ ಕೈಗೆ ಬರುವುದಿಲ್ಲವಲ್ಲ. ಯಾರೋ ಬಲಗೈಗೆ ಪಾಠ ಹೇಳಿದ್ದಾರೆ, ಎಡಗೈಗೆ ರಜೆ ಕೊಟ್ಟಿದ್ದಾರೆ.

ಮನೆಯಲ್ಲಿ ಎದುರು ನಿಂತು ನಿನ್ನ ಗುದ್ದಿಗೆ ಅಂಗೈ ಮೇಲೆ ಪ್ಯಾಡ್ ಯಾರು ಹಿಡಿಯುತ್ತಾರೆ ಎಂದು ಕೇಳಿದೆ. ಅಪ್ಪ, ದಿನಾ ಬೆಳಗ್ಗೆ, ಮೆಟ್ಟಿಲ ಹತ್ತಿರ ಎಂದಳು.

ಮರುದಿನ ಬೆಳಗ್ಗೆ ಹೋದೆ. ನಾಲ್ಕನೆಯ ಮಹಡಿ, ಲಿಫ್ಟಿಲ್ಲ. ನನ್ನ ಮಂಡಿಗಳು ಪ್ರತಿ ಮಹಡಿಗೂ ಶಾಪ ಹಾಕಿದವು. ಮೇಲೆ, ಬಾಗಿಲ ಮುಂದಿನ ಪುಟ್ಟ ಜಾಗದಲ್ಲಿ, ಚಪ್ಪಲಿಗಳನ್ನು ಗೋಡೆಯ ಪಕ್ಕಕ್ಕೆ ಸರಿಸಿ ಅಪ್ಪ ಮಗಳು ಆಗಲೇ ನಿಂತಿದ್ದರು. ನನ್ನನ್ನು ಕಂಡು ಅವರಪ್ಪನ ಮುಖ ಇಷ್ಟಗಲವಾಯಿತು. ನಾನು ಬಿಸಾಡಲು ಕೊಟ್ಟಿದ್ದ ಹಳೆಯ ಪ್ಯಾಡುಗಳನ್ನು ಅವರು ಹೊಲಿದು, ಬಣ್ಣ ಕೂಡ ಬಳಿದಿಟ್ಟುಕೊಂಡಿದ್ದರು. ನಾನು ನೋಡಲೆಂದು ಎಂದಿಗಿಂತ ಹುರುಪಿನಿಂದಲೇ ಶುರುಮಾಡಿದರು.

ಎರಡು ನಿಮಿಷ ಸಾಕಾಯಿತು. ವರ್ಷಗಟ್ಟಲೆ ಚಾವಣಿಗೆ ಬಣ್ಣ ಬಳಿದು ಅವರ ಬಲಭುಜ ಹಾಳಾಗಿತ್ತು; ಆ ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಎಡಗೈಯನ್ನು ಆಗಾಗ ಬೀಸುತ್ತಿದ್ದರು, ಅದೂ ಅವಳ ಕೆನ್ನೆಗೆ ಒಂದು ಗೇಣು ಇರುವಾಗಲೇ ನಿಲ್ಲುತ್ತಿತ್ತು. ಅದಕ್ಕಾಗಿ ಅವಳ ಬಲಗೈ ಕಾವಲು ಕಾಯುತ್ತಿತ್ತು. ಅಪ್ಪನ ಬಲಗಡೆಯಿಂದ ಏನೂ ಬರುವುದಿಲ್ಲ, ಹಾಗಾಗಿ ಮಗಳ ಎಡಗೈ ನಿಶ್ಚಿಂತೆಯಾಗಿ ಕೆಳಗಿಳಿಯುತ್ತಿತ್ತು. ಗುದ್ದುವಾಗೆಲ್ಲ ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಗುದ್ದು ಸರಿಯಾಗಿ ಬಿದ್ದರೆ ಆ ಮುಖ ನಗುತ್ತಿತ್ತು, ಇವಳೂ ನಗುತ್ತಿದ್ದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನಾಳೆಯಿಂದ ನೀವು ಪ್ಯಾಡ್ ಹಿಡಿಯಬೇಡಿ ಎಂದೆ.

ಅವರು ನಿಧಾನವಾಗಿ ಪ್ಯಾಡ್ ಕಳಚಿದರು. “ಹಾಗಾದ್ರೆ ಆವತ್ತು ಇವಳು ಬಿದ್ದಿದ್ದು ನನ್ನಿಂದಾನಾ?”

ಇಲ್ಲ ಎನ್ನಬಹುದಿತ್ತು. ಸುಳ್ಳು ಹೇಳಲೂ ಒಂದಿಷ್ಟು ಶಕ್ತಿ ಬೇಕು, ನನ್ನಲ್ಲಿರಲಿಲ್ಲ.

ಏಣಿ ಗ್ಲೌಸ್ ಬಿಚ್ಚಿ ನನ್ನ ಕಾಲ ಬಳಿ ಇಟ್ಟಳು. “ಅಪ್ಪ ಪ್ಯಾಡ್ ಹಿಡಿಯೋದು ಬೇಡ ಅಂದ್ರೆ ನನಗೆ ಪಂದ್ಯನೂ ಬೇಡ ಮಾಸ್ಟ್ರೇ.” ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು.

ಅಪ್ಪ ಅವಳನ್ನು ಗದರಿದರು, ಅವಳು ಜಗ್ಗಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಕೂತ ಕಡೆಯಿಂದ ನೋಡಿದರೆ ಎದುರಿಗೆ ನಿಂತ ಅವರ ಸೊಂಟ ನನ್ನ ಮುಖದ ಮಟ್ಟಕ್ಕಿತ್ತು. ತಡಮಾಡದೆ ಎದ್ದು, ಅವರನ್ನು ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ನಿಲ್ಲಿಸಿದೆ, ಅವಳನ್ನು ಕೆಳಗೆ ನಿಲ್ಲಿಸಿದೆ. ಈಗ ಅವರ ಬಲಗೈ ಮೇಲೆ ಏಳಬೇಕಾಗಿಯೇ ಇರಲಿಲ್ಲ. ಸೊಂಟದಿಂದ ನೇರ ಚಾಚಿದರೆ ಮಗಳ ಎಡಗೆನ್ನೆ.

ಅವಳ ಕೈ ಕೆಳಗಿಳಿದಾಗೆಲ್ಲ ಅಲ್ಲಿಗೆ ಪ್ಯಾಡಿನಿಂದ ಬಾರಿಸಿ ಎಂದೆ. ತಲೆ ಅಲುಗುವಷ್ಟು ಬೇಡ, ಚರ್ಮ ಚುರುಗುಟ್ಟಬೇಕು. ಗಾಳಿಯಲ್ಲಿ ಬೀಸಿ ನಿಲ್ಲಿಸಿದರೆ ಪ್ರಯೋಜನವಿಲ್ಲ.

“ಹುಟ್ಟಿದಾಗಿಂದ ಇವಳಿಗೆ ಒಂದು ಏಟು ಹಾಕಿದವನಲ್ಲ ನಾನು.”

“ನೀವು ಹಾಕದೆ ಇದ್ರೆ ರಿಂಗಲ್ಲಿ ಇನ್ಯಾರೋ ಹಾಕ್ತಾರೆ. ಅವರಿಗೆ ಇವಳು ಮಗಳಲ್ಲ” ಎಂದೆ.

ಮೊದಲ ಸಲ ಧೂಳು ಒರೆಸಿದ ಹಾಗೆ ಸವರಿದರು. ಎರಡನೆಯ ಸಲವೂ ಅಷ್ಟೇ. ಅವಳ ಕೈ ಇಳಿಯುತ್ತಲೇ ಇತ್ತು. ಅವಳೇ, “ಹೊಡಿ ಅಪ್ಪಾ” ಎಂದಳು. ಅವರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ.

ಛಟ್ಟೆಂದ ಸದ್ದು ಮೆಟ್ಟಿಲಿಳಿದು ಕೆಳಗಿನವರೆಗೂ ಹೋಯಿತು. ಯಾವುದೋ ಮಹಡಿಯಲ್ಲಿ ಬಾಗಿಲು ತೆರೆದು ಮುಚ್ಚಿತು. ಅವಳ ಕಣ್ಣಲ್ಲಿ ನೀರು ಚಿಮ್ಮಿತ್ತು, ಆದರೂ ನಗಲು ನೋಡಿದಳು. “ಇನ್ನೊಂದು ಸಲ” ಎಂದೆ. ಆ ಮಾತಾಡಿದ ನನ್ನ ಬಾಯಿಯ ಬಗ್ಗೆ ನನಗೇ ಅಸಹ್ಯವಾಯಿತು.

ಆಮೇಲೆ ದಿನವೂ ಹೋಗಬೇಕಾಗಿರಲಿಲ್ಲ, ಆದರೂ ಹೋದೆ. ಹೊಡೆಸಿದವನು ಎದುರಿಗೆ ನಿಂತಿರಬೇಕು ಅನಿಸಿತು. ಮೊದಮೊದಲು ಮೆಟ್ಟಿಲು ಹತ್ತುವಾಗಲೇ ಕೆನ್ನೆಗೆ ಬೀಳುವ ಸದ್ದು ಕೇಳುತ್ತಿತ್ತು. ಬರಬರುತ್ತ ಅದು ವಿರಳವಾಯಿತು. ಒಂದು ಬೆಳಗ್ಗೆ ಪ್ಯಾಡು ಗ್ಲೌಸಿಗೆ ತಾಗುವ ಮಂಕು ಸದ್ದು ಮಾತ್ರ ಕೇಳಿಸಿತು, ಎಷ್ಟು ಹೊತ್ತು ನಿಂತು ಕೇಳಿದರೂ ಅದೇ. ಆ ಸಂಜೆ ಜಿಮ್ಮಿನಲ್ಲಿ ಅವಳು ಬಾಗಿ ಏದುಸಿರು ಬಿಡುವವರೆಗೂ ದಣಿಸಿದೆ. ಎಡಗೈ ಹೋದ ದಾರಿಯಲ್ಲೇ ಬಂತು. ಪಂದ್ಯಕ್ಕೆ ಹೆಸರು ಕೊಟ್ಟೆ.

ಪಂದ್ಯದ ಎರಡನೆಯ ಸುತ್ತಿನಲ್ಲಿ ಬಂತು ನೋಡಿ ಬಲಗೈ, ಹಿಂದಿನ ಸಲದಂಥದ್ದೇ, ಇನ್ನೂ ಜೋರಿನದು. ನಾನು ಹಗ್ಗ ಹಿಡಿದುಕೊಂಡೆ. ಅದು ಅವಳ ಗ್ಲೌಸಿಗೆ ಬಡಿದು ನಿಂತಿತು. ಮೂರನೆಯ ಸುತ್ತಿನಲ್ಲಿ ಕಾಲು ಸೋತಿತು, ಬಾಯಿ ತೆರೆದುಕೊಂಡಿತು, ಕೈ ಮಾತ್ರ ಇಳಿಯಲಿಲ್ಲ. ಅಂಕಗಳ ಮೇಲೆ ಗೆದ್ದಳು. ಈ ಸಲ ಅವಳು ನನ್ನನ್ನು ಏನೂ ಕೇಳಲಿಲ್ಲ, ಎಲ್ಲವೂ ಅವಳಿಗೆ ನೆನಪಿತ್ತು. ಎಷ್ಟೋ ವರ್ಷಗಳ ನಂತರ ನನಗೆ ಸಂತೋಷದಿಂದ ಅಳು ಬಂತು.

ಅವಳು ಬಟ್ಟೆ ಬದಲಿಸಲು ಹೋದಾಗ ಅವರಪ್ಪನನ್ನು ಹುಡುಕಿಕೊಂಡು ಹೋದೆ. ಒಗೆದ ಅಂಗಿ ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಈ ಗೆಲುವು ನಿಮ್ಮದು ಎಂದೆ. ಹೌದೆನ್ನುವಂತೆ ನಕ್ಕರು. ಎಡಗಡೆಗೆ ಒಂದೂ ಬೀಳಲಿಲ್ಲ ಅಲ್ವಾ ಎಂದು ಕೇಳಿದರು. ಒಂದೂ ಬೀಳಲಿಲ್ಲ ಎಂದೆ. ಅದು ಸಾಕು ಎಂದರು.

ಪಕ್ಕದಲ್ಲಿ ಕೂತೆ. ಅವರೇ ಮಾತು ತೆಗೆದರು.

“ನಿನ್ನೆ ಊಟಕ್ಕೆ ತಟ್ಟೆ ಕೊಡೋಣ ಅಂತ ಕೈ ಚಾಚಿದೆ ಮಾಸ್ಟ್ರೇ. ಅವಳ ಕೈ ಕೆನ್ನೆಗೆ ಹೋಯ್ತು. ಅವಳಿಗೆ ಗೊತ್ತೇ ಆಗಲಿಲ್ಲ, ಮಾತಾಡ್ತಾನೇ ಇದ್ಳು.”

ಇದನ್ನು ಬಿಡಿಸುವುದು ಹೇಗೆ ಎಂದು ಅವರು ನನ್ನನ್ನು ಕೇಳಲಿಲ್ಲ.