ಅಟ್ಟದ ಕಾಯಿ ಮುಟ್ಟಬಾರದು

ತುಮಕೂರಿನ ಆಚೆ ಹೈವೇ ಪಕ್ಕದಲ್ಲಿ ಮಕ್ಕಳ ಮ್ಯೂಸಿಯಂ ಒಂದು ಹೊಸದಾಗಿ ತೆರೆದಿದೆ. ಅಲ್ಲಿ ಇಟ್ಟಿರುವುದನ್ನೆಲ್ಲ ಮಕ್ಕಳು ಮುಟ್ಟಬಹುದು, ತಿರುಗಿಸಬಹುದು, ಬಡಿಯಲೂಬಹುದು. ನನ್ನ ಹೆಂಡತಿ ದಾನೇಶ್ವರಿ ಎಲ್ಲಿಂದಲೋ ಈ ಸುದ್ದಿ ಹಿಡಿದು ತಂದು ನನ್ನ ಪ್ರಾಣ ತಿಂದಳು. ಸರಿ, ಭಾನುವಾರ ಕಿಬ್ಬನಹಳ್ಳಿಯಿಂದ ಹೊರಟೆವು: ನಾನು, ಅವಳು, ನಮ್ಮವ್ವ ಕಲ್ಲಮ್ಮ, ಆರು ವರ್ಷದ ಮಗಳು ಲಿಖಿತಾ. ಅಲ್ಲಿ ಅಷ್ಟು ಜನರ ಮುಂದೆ ನನ್ನ ಮಾನ ಹರಾಜಾಗುತ್ತದೆ ಅಂತ ಗೊತ್ತಿದ್ದರೆ ಗುಬ್ಬಿಯಲ್ಲೇ ಇಡ್ಲಿ ತಿಂದು ವಾಪಸ್ ಬಂದುಬಿಡುತ್ತಿದ್ದೆ.

ಮೊದಲು ಮಾನ ಕಳೆದದ್ದು ನಮ್ಮವ್ವ. ರಾಟೆಯ ಹಗ್ಗ ಎಳೆದರೆ ಕೂತ ಕುರ್ಚಿಯೇ ಮೇಲೇರುವ ಆಟವೊಂದಿತ್ತು. ಮಕ್ಕಳ ಸಾಲಿನಲ್ಲಿ ನಿಂತು, ಕೂತು, ಎಳೆದೇಬಿಟ್ಟಳು. "ಅಯ್ಯಯ್ಯಪ್ಪಾ! ನೋಡ್ಲಾ ಪರ್ಮೇಶ, ನನ್ನ ನಾನೇ ಎತ್ಕಂಡೆ!" ಎಂದು ಇಡೀ ಹಾಲಿಗೆ ಕೇಳುವಂತೆ ಕೂಗಿದಳು. ಅವಳು ಯಾರೋ ಎನ್ನುವ ಹಾಗೆ ನಾನು ಗೋಡೆ ನೋಡಿಕೊಂಡು ನಿಂತೆ.

ಆದರೆ ಲಿಖಿತಾಳದು ಇನ್ನೊಂದು ಥರ. ಸುತ್ತ ಮಕ್ಕಳು ಮರಳು ಕೆದಕುತ್ತಿದ್ದರು, ಗಾಲಿ ತಿರುಗಿಸುತ್ತಿದ್ದರು. ಇವಳು ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರ ಹಾಗೆ ಒಂದೊಂದನ್ನೂ ನೋಡಿಕೊಂಡು ಹೋಗುತ್ತಿದ್ದಳು. "ಮುಟ್ಟೇ, ಏನೂ ಆಗಲ್ಲ ಕಣೇ" ಎಂದಳು ದಾನೇಶ್ವರಿ. ಇವಳು ತಲೆ ಅಲ್ಲಾಡಿಸಿದಳು. ಯಾರೋ ಹೆಂಗಸು "ಪಾಪ, ಮಗುಗೆ ಏನಾದ್ರೂ ತೊಂದ್ರೆನಾ?" ಎಂದು ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ತೊಂದರೆಯೂ ಇಲ್ಲ, ಮಣ್ಣೂ ಇಲ್ಲ. ನಮ್ಮದು ಕೊಬ್ಬರಿ ಮಾಡುವ ಮನೆ. ಸಿಪ್ಪೆ ಸಮೇತ ಕಾಯಿ ಅಟ್ಟಕ್ಕೆ ಹಾಕಿದರೆ ವರ್ಷದ ಹತ್ತಿರ ಅದನ್ನು ಯಾರೂ ಕದಲಿಸುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಡಬೇಕು. ನಡುವೆ ಉರುಳಾಡಿಸಿದರೆ ಉಂಡೆ ಕೆಡುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು, ನಾನೂ ಹೇಳುತ್ತೇನೆ. ಹೋದ ತಿಂಗಳು ಈ ಮಹಾತಾಯಿ ಲಿಖಿತಾ ಏಣಿ ಹತ್ತಿ, ಅರ್ಧ ಒಣಗಿದ ಕಾಯಿಗಳನ್ನೆಲ್ಲ ಉರುಳಿಸಿಕೊಂಡು ಅಂಗಡಿ ಆಟ ಆಡುತ್ತಿದ್ದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಪೊರಕೆಯಿಂದ ಕಡ್ಡಿ ಕಿತ್ತು ಅಂಗೈಗೆ ಬಾರಿಸಿದೆ. "ಇನ್ಮೇಲೆ ಕೈ ಹಿಂದೆ ಕಟ್ಕಂಡಿರು" ಎಂದೆ. ಯಾವ ಅಪ್ಪ ಹೇಳುವುದಿಲ್ಲ? ಮಕ್ಕಳು ಸಂಜೆಗೆಲ್ಲ ಮರೆತುಬಿಡುತ್ತವೆ.

ಕೊನೆಗೆ ಸದ್ದಿನ ಕೋಣೆಗೆ ಬಂದೆವು. ಅಲ್ಲಿ ಎತ್ತರದ ಹಲಗೆಯ ಮೇಲೆ ಸುಲಿದ ತೆಂಗಿನಕಾಯಿಗಳು! ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರಿದೆಯೋ ಒಣಗಿದೆಯೋ ಹೇಳಬೇಕಂತೆ. ನನಗೆ ಹೋದ ಜೀವ ಬಂದಂತಾಯಿತು.

"ನಾವು ತಿಪಟೂರು ಕಡೆಯೋರು ಕಣಮ್ಮ" ಎಂದೆ, ಆಟ ಆಡಿಸುವ ಹುಡುಗಿಗೂ ಪಕ್ಕದವರಿಗೂ ಕೇಳುವಂತೆ. "ನನ್ ಮಗಳು ಕಣ್ಮುಚ್ಕಂಡು ಹೇಳ್ತಾಳೆ, ನೋಡ್ತಿರಿ."

ಜನ ಸುತ್ತ ನಿಂತರು. ಒಬ್ಬರು ಮೊಬೈಲನ್ನೂ ಎತ್ತಿ ಹಿಡಿದರು. ಲಿಖಿತಾ ಕೈ ಬಿಚ್ಚಲಿಲ್ಲ.

"ಮುಟ್ಟವ್ವ" ಎಂದೆ. ಅಲ್ಲಾಡಲಿಲ್ಲ. "ಏಯ್, ಎಲ್ರೂ ನೋಡ್ತಾವ್ರೆ. ಮಾನ ಕಳೀಬ್ಯಾಡ."

"ಬುಡ್ಲಾ ಪರ್ಮೇಶ, ಮಗ ಹೆದ್ರಕಂಡೈತೆ" ಎಂದಳು ನಮ್ಮವ್ವ.

"ನೀನು ಸುಮ್ಕಿರವ್ವ!" ಎಂದು ಗದರಿ, ನಾನೇ ಒಂದು ಕಾಯಿ ತೆಗೆದು ಮಗಳ ಕೈಗಿಡೋಣವೆಂದು ಹಲಗೆಯ ಕಡೆಗೆ ಕೈ ಎತ್ತಿದೆ.

ನನ್ನ ಕೈ ಮೇಲೆದ್ದದ್ದೇ ತಡ, ಲಿಖಿತಾ ಬಲಗೈ ಮುಂದೆ ಚಾಚಿದಳು. ಅಂಗೈ ಅಗಲಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕಾದಳು.

"ನಾನು ಏನೂ ಮುಟ್ಟಿಲ್ಲ ಅಪ್ಪಾಜಿ" ಎಂದಳು.

ಮೊಬೈಲ್ ಹಿಡಿದವರು ಅದನ್ನು ಕೆಳಗಿಳಿಸಿದರು. ಆಟ ಆಡಿಸುವ ಹುಡುಗಿ ನನ್ನ ಮುಖ ನೋಡಲಿಲ್ಲ. "ರೀ" ಎಂದಳು ದಾನೇಶ್ವರಿ, ಅಷ್ಟೇ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ಇಷ್ಟು ಹೊತ್ತೂ ನಮ್ಮವ್ವನಿಂದ, ಮಗಳಿಂದ ನನ್ನ ಮಾನ ಹೋಗುತ್ತಿದೆ ಅಂದುಕೊಂಡಿದ್ದೆನಲ್ಲ, ಥೂ ನನ್ನ ಜನ್ಮಕ್ಕೆ!

ಮಗಳ ಮುಂದೆ ಮಂಡಿಯೂರಿ ಕೂತೆ. "ಹೊಡೆಯಕ್ಕಲ್ಲ ಕಣವ್ವ. ತಗ" ಎಂದು ಅಂಗೈ ಮೇಲೆ ಕಾಯಿ ಇಟ್ಟೆ.

ಮೆಲ್ಲಗೆ ಕಣ್ಣು ಬಿಟ್ಟಳು. "ಕೆಟ್ಟೋಗಲ್ವಾ?"

"ಕೆಟ್ರೆ ಕೆಡ್ಲಿ ಬುಡು. ಅಲ್ಲಾಡ್ಸು."

ಒಂದೇ ಕೈಯಲ್ಲಿ ಕಾಯಿಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು. ಒಳಗೆ ಉಂಡೆ ಗಡಗಡ ಎಂದಿತು. "ಒಣಗೈತೆ" ಎಂದಳು. ಉತ್ತರ ಸರಿಯಾಗಿತ್ತು, ಜನ ಚಪ್ಪಾಳೆ ತಟ್ಟಿದರು. ಅವಳು ಯಾರನ್ನೂ ನೋಡಲಿಲ್ಲ. ಅವಳ ಕಣ್ಣು ನನ್ನ ಬಲಗೈ ಮೇಲೇ ಇತ್ತು.

ನಾನು ಎದ್ದು ನಿಂತು, ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.