ಮಂಜು ಹಿಡಿದ ಮುಚ್ಚಳ

ಊರಿನ ಅರ್ಧ ಬಾಯಿಗಳಿಗೆ ಹಲ್ಲು ಕಟ್ಟಿಕೊಟ್ಟ ಕೈ ಅದು. ಅಕ್ಕಿಕಾಳಿನಷ್ಟು ಹಲ್ಲನ್ನು ಉಜ್ಜುವಾಗಲೂ ನಡುಗಿದ್ದಿಲ್ಲ. ಅಂಥ ಕೈಯ ಹಲ್ಲು ಕಟ್ಟುವವನು ಆ ಬೆಳಿಗ್ಗೆ ತನ್ನ ಕೋಣೆಯ ಬಾಗಿಲು ತೆರೆದು, ಮೇಜಿನ ಮೇಲಿದ್ದ ವಿಮಾನವನ್ನು ನೋಡಿದವನೇ ಗೋಡೆ ಹಿಡಿದುಕೊಂಡ.

ಮಕ್ಕಳ ಆಟಿಕೆಯಲ್ಲ ಅದು. ತೊಟ್ಟಿಲಿನಷ್ಟು ದೊಡ್ಡ ಮಾದರಿ. ಹೆಂಡತಿಯ ತಂದೆ ಹರೆಯದಲ್ಲಿ ಯುದ್ಧಕ್ಕೆ ಹಾರಿಸಿಕೊಂಡು ಹೋಗಿದ್ದ ಫೈಟರ್ ವಿಮಾನದ ಪಡಿಯಚ್ಚು. ಎದೆನೋವು ಬಂದ ಮೇಲೆ ಮಾವ ಇವರ ಮನೆಯಲ್ಲೇ ಇದ್ದರು. ಎದೆ ಬಹಳ ಸೋತಿದೆ, ಒಂದು ಸಣ್ಣ ಆಘಾತವನ್ನೂ ತಡೆಯಲಾರದು ಎಂದು ಡಾಕ್ಟರು ಹೇಳಿದ್ದರು. ಅಂಥವರಿಗೆ ಯುದ್ಧದ ನೆನಪು ಯಾಕೆ ಎಂದು ಹೆಂಡತಿ ತಡೆದಿದ್ದಳು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ವಿಮಾನಕ್ಕೂ ಹಲ್ಲು ಕಟ್ಟಿಬಿಡಿ, ಕಚ್ಚೋಕಾಗತ್ತೆ ಎಂದು ಹಂಗಿಸಿ ಅವಳೂ ಸುಮ್ಮನಾಗಿದ್ದಳು.

ನಿಜ ಹೇಳಬೇಕೆಂದರೆ ಮಾವನಿಗೂ ಅದು ಹಿತವಾಗಿತ್ತು. ಸಂಜೆಯ ಹೊತ್ತು ಪಕ್ಕದಲ್ಲಿ ಕೂತು, ರೆಕ್ಕೆಯ ಬುಡದಲ್ಲಿ ಬೂಟು ತಾಗಿ ತಾಗಿ ಬಣ್ಣ ಎದ್ದುಹೋಗಿತ್ತು ಎನ್ನುವರು. ಅಳಿಯ ಸ್ಪಂಜಿನ ಚೂರಿನಿಂದ ಅಲ್ಲಿ ಬೆಳ್ಳಿಬಣ್ಣ ತಟ್ಟುವನು. ಹೊಗೆಕೊಳವೆಯ ಹಿಂದೆ ಮಸಿ ಇನ್ನೂ ಉದ್ದ ಇತ್ತು ಎನ್ನುವರು. ಅವನು ಪೆನ್ಸಿಲಿನ ಪುಡಿಯನ್ನು ಬ್ರಷ್‌ನಿಂದ ಎಳೆಯುವನು. ತಗಡು ಜೋಡಿಸುವ ರಿವೆಟ್ ಮೊಳೆಗಳ ಸಾಲುಸಾಲು ಗುರುತನ್ನು ಹಲ್ಲು ಕೆತ್ತುವ ಸೂಜಿಯಿಂದಲೇ ಒತ್ತಿದ್ದ. ಆದರೆ ಪೈಲಟ್ ಕೂರುವ ಜಾಗದ ಮಾತು ಬಂದರೆ ಸಾಕು, “ಅದೊಂದು ಬಿಡಿ ಅಳಿಯಂದಿರೇ,” ಎಂದು ಮಾವ ಎದ್ದುಬಿಡುವರು.

ಹಾಗಾಗಿ ಅವನು ತನಗೆ ತೋಚಿದಂತೆ ಹೆಬ್ಬೆರಳೆತ್ತರದ ಪೈಲಟ್‌ನನ್ನು ಕೂರಿಸಿ, ಬೀಳ್ಕೊಳ್ಳುವವನಂತೆ ಕೈ ಮೇಲಕ್ಕೆತ್ತಿಸಿ, ಅವನ ತಲೆಯ ಮೇಲೆ ಗಾಜಿನಂಥ ಪಾರದರ್ಶಕ ಮುಚ್ಚಳವನ್ನು ಹಿಂದಿನ ದಿನ ಅಂಟಿಸಿದ್ದ. ಅಲ್ಲೇ ಎಡವಿದ್ದು. ಮಾದರಿ ಕಟ್ಟುವವರು ಇಂಥ ಮುಚ್ಚಳಕ್ಕೆ ನಿಧಾನವಾಗಿ ಒಣಗುವ ಬಿಳಿ ಅಂಟನ್ನೇ ಹಚ್ಚುತ್ತಾರೆ. ಇವನೋ ತನ್ನ ಕಸುಬಿನ ಧೈರ್ಯದ ಮೇಲೆ, ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿಯುವ ಅಂಟನ್ನು ಬಳಸಿದ. ಅದರ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಬೆಳ್ಳಗೆ ಕೂತುಬಿಟ್ಟಿತ್ತು. ಈಗ ಮುಚ್ಚಳದ ತುಂಬ ಹೊಗೆ. ಹೊಗೆಯಲ್ಲಿ ಮಸುಕಾದ ಒಂದು ತಲೆ, ಗಾಜನ್ನು ಬಡಿಯುತ್ತಿರುವ ಒಂದು ಕೈ.

ಮಾವ ಯಾವ ಮಾತಿಗೆ ಎದ್ದುಹೋಗುತ್ತಿದ್ದರೋ ಆ ಮಾತು ಇದೇ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಟವೆಲ್ ಎಳೆದು ಮುಚ್ಚುವಷ್ಟರಲ್ಲಿ ಬೆನ್ನ ಹಿಂದೆ ಮಾವನ ಚಪ್ಪಲಿಯ ಸದ್ದು.

ಮಧ್ಯಾಹ್ನ ತೋರಿಸುತ್ತೇನೆ, ಇನ್ನೂ ಚೂರು ಕೆಲಸವಿದೆ ಎಂದ. ಮಧ್ಯಾಹ್ನದವರೆಗೆ ನಾನಿರಬೇಕಲ್ಲ ಎಂದು ನಗುತ್ತ ಮಾವ ಟವೆಲ್ ಎತ್ತಿಯೇಬಿಟ್ಟರು.

ಆ ನಗು ತುಟಿಯ ಮೇಲೆ ಹಾಗೇ ಉಳಿಯಿತು. ಕಣ್ಣುಗಳು ಮಾತ್ರ ಎಲ್ಲಿಗೋ ಹೋಗಿಬಿಟ್ಟವು.

“ತೆಗೀರಿ.”

“ಮಾವ, ಅದು ಅಂಟು, ಬಲವಾಗಿ ಕೂತುಬಿಟ್ಟಿದೆ…”

“ಅವನಿಗೆ ಉಸಿರು ಕಟ್ತಿದೆ. ತೆಗೀರಿ.”

ಮಾವನ ಉಸಿರು ಸಿಳ್ಳೆಯಂತೆ ಎಳೆಯತೊಡಗಿತು. ಮುಷ್ಟಿ ಮೇಜನ್ನು ಬಡಿಯತೊಡಗಿತು. ತನ್ನ ಕೈಯಿಂದಲೇ ಹೆಂಡತಿಯ ತಂದೆಯ ಜೀವ ಹೋಗುತ್ತಿದೆಯಲ್ಲ ದೇವರೇ ಎಂದುಕೊಳ್ಳುತ್ತ ಅವನು ತೆಳು ಬ್ಲೇಡನ್ನು ಅಂಚಿಗೆ ತೂರಿಸಿದ. ಜಗ್ಗಲಿಲ್ಲ. ಬ್ಲೇಡು ಮುರಿಯಿತು. ಎಷ್ಟೋ ವಾರ ಉಜ್ಜಿ ಹೊಳಪಿಟ್ಟ ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು, ಭಗವಂತನ ಹೆಸರು ಹೇಳಿ ಒತ್ತಿದ. ಫಟ್ಟೆಂದು ಒಡೆದು ಚೂರು ಬೆರಳಿಗೆ ಹೊಕ್ಕಿತು. ರಕ್ತ ರೆಕ್ಕೆಯ ಮೇಲೆ ಹನಿಯಿತು.

ಮಾವ ಪೈಲಟ್‌ನನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆಳೆದು, ಕುರ್ಚಿಯಲ್ಲಿ ಕುಸಿದರು. ಅಳಿಯ ಮಣಿಕಟ್ಟು ಹಿಡಿದು ನೋಡಿದ. ಹಿಡಿದ ಹಕ್ಕಿಯ ಎದೆಯ ಹಾಗೆ ನಾಡಿ ಹೊಡೆದುಕೊಳ್ಳುತ್ತಿತ್ತು. ಡಾಕ್ಟರಿಗೆ ಫೋನ್ ಮಾಡೆಂದು ಹೆಂಡತಿಗೆ ಕೂಗಿದ. ದನಿ ತನ್ನದೇ ಅನ್ನಿಸಲಿಲ್ಲ.

“ಗಿಣಿ ಅಂತ ನಾವು ಕರೀತಿದ್ದ ಪೈಲಟ್ ಒಬ್ಬ ಇದ್ದ,” ಎಂದರು ಮಾವ. “ರೇಡಿಯೋದಲ್ಲಿ ಬಾಯಿ ಮುಚ್ತಾನೇ ಇರಲಿಲ್ಲ. ದಿನಾ ಬೈಸಿಕೊಳ್ಳೋನು. ನನ್ನ ಪಕ್ಕದಲ್ಲೇ ಹಾರ್ತಿದ್ದ, ಅವತ್ತೂ. ಅವನ ವಿಮಾನದೊಳಗೆ ಹೊಗೆ ತುಂಬ್ಕೊಳ್ತು. ಮುಚ್ಚಳ ಜರುಗಲಿಲ್ಲ. ಕೈ ಕಾಣಿಸ್ತಿತ್ತು.”

ಮಾತಾಡಬೇಡಿ ಎಂದು ಅಳಿಯ ಬೇಡಿಕೊಂಡ.

“ಅವತ್ತು ಅವನು ಒಂದು ಮಾತೂ ಆಡಲಿಲ್ಲ ಅಳಿಯಂದಿರೇ. ನಾನು ಅವನ ವಿಮಾನದ ಜೊತೆಜೊತೆಗೇ ನೆಲದ ಹತ್ತಿರದವರೆಗೂ ಇಳಿದೆ. ಇನ್ನೇನು ಮಾಡಬೇಕಿತ್ತು, ಹೇಳಿ?”

ಬಾಗಿಲಲ್ಲಿ ಹೆಂಡತಿ ಫೋನ್ ಹಿಡಿದು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಅಳಿಯನಿಗಾಗಲಿಲ್ಲ. ಬೆರಳಡಿಯ ನಾಡಿ ಒಮ್ಮೆ ತಡೆದಂತಾಗಿ ಮತ್ತೆ ಓಡಿತು. ಅವನು ಕೈ ಬಿಡಲಿಲ್ಲ.

ಮಾವ ಮುಂದಕ್ಕೆ ಬಾಗಿ, ಆ ಪುಟ್ಟ ಪೈಲಟ್‌ನನ್ನು ರೆಕ್ಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿದರು. ಅವನು ಪಕ್ಕಕ್ಕೆ ವಾಲಿದ. ಮತ್ತೆ ಕೂರಿಸಿದರು, ಮತ್ತೆ ವಾಲಿದ.

“ಅಂಟು ಹಾಕ್ಲಾ ಮಾವ?” ಎಂದು ಅಳಿಯ ಮೆಲ್ಲಗೆ ಕೇಳಿದ.

“ಬೇಡ.”

ಡಾಕ್ಟರ ಗಾಡಿ ಬೀದಿಯಲ್ಲಿ ನಿಂತ ಸದ್ದು ಕೇಳುವವರೆಗೂ ಮಾವ ಒಂದು ಬೆರಳು ಕೊಟ್ಟು ಪೈಲಟ್‌ನನ್ನು ಬೀಳದ ಹಾಗೆ ಹಿಡಿದುಕೊಂಡೇ ಇದ್ದರು. ಅಳಿಯ ಅವರ ಇನ್ನೊಂದು ಕೈಯ ನಾಡಿ ಹಿಡಿದು, ಪ್ರತಿ ಬಡಿತಕ್ಕೂ ಮುಂದಿನದು ಬರಲಪ್ಪಾ ಎಂದು ಕಾಯುತ್ತ ನಿಂತಿದ್ದ.