ಪಕ್ಕದ ಕೋಣೆಯ ಕಂಪ್ಯೂಟರ್

ಗುರುವಾರ ಬೆಳಗ್ಗೆ ಹತ್ತೂಕಾಲಿಗೆ ದಿನೇಶನ ಫೋನ್ ಬಂತು. ಅವನು ತಾಯಿ ಊರಮ್ಮನ ಜೊತೆ ದಾವಣಗೆರೆಯ ಆಸ್ಪತ್ರೆಯಲ್ಲಿದ್ದ. ಹೆಂಡತಿ ಸುಷ್ಮಾ ಹರಿಹರದ ಮನೆಯಲ್ಲಿದ್ದಳು.

"ಅವ್ವನ ಎದಿಯಾಗಿನ ಗಂಟು ತೆಗೀತಾರಂತೆ, ಒಂದು ಗಂಟೆಗೆ ಆಪರೇಷನ್. ಎರಡು ವರ್ಷದ ಹಿಂದಿನ ಸ್ಕ್ಯಾನ್ ಐತೇನು ಅಂತ ಡಾಕ್ಟ್ರು ಕೇಳ್ತಿದಾರೆ. ಗಂಟು ಆಗಲೂ ಇಷ್ಟೇ ಇತ್ತು ಅಂದ್ರೆ ಕೊಯ್ಯೋದು ಬ್ಯಾಡಂತೆ."

ಊರಮ್ಮನ ಹೃದಯ ಮೊದಲೇ ದುರ್ಬಲ. ಮತ್ತಿನ ಮದ್ದು ತಡೆದುಕೊಳ್ಳುವುದು ಕಷ್ಟ ಎಂದು ಡಾಕ್ಟರು ನಿನ್ನೆಯೇ ಹೇಳಿದ್ದರು.

ಸ್ಕ್ಯಾನಿನ ಸಿ.ಡಿ. ಎಂದೋ ಒಡೆದುಹೋಗಿತ್ತು. ಅದರ ನಕಲು ಇದ್ದದ್ದು ನಡುಮನೆಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಹೋದ ತಿಂಗಳ ಸಿಡಿಲಿಗೆ ಅದರ ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳೆಲ್ಲ ಸುಟ್ಟಿದ್ದವು; ದುಂಡು ಪಿನ್ನಿನ ಹಳೆಯ ಕೀಬೋರ್ಡು, ಮೌಸು ಮಾತ್ರ ನಡೆಯುತ್ತಿದ್ದವು. ಇಂಟರ್ನೆಟ್ಟಿನ ಪುಟ ಒಂದೂ ಅದರಲ್ಲಿ ತೆರೆಯುತ್ತಿರಲಿಲ್ಲ. ಡಬ್ಬವನ್ನೇ ಎತ್ತಿಕೊಂಡು ಹೋಗೋಣವೆಂದರೆ ಒಳಗಿನ ಡಿಸ್ಕ್ ಈಗಲೋ ಆಗಲೋ ಕೆಡುವಂತೆ ಟಕ್ ಟಕ್ ಎನ್ನುತ್ತಿತ್ತು. ಸುಷ್ಮಾ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಕಚೇರಿಯ ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು.

ವಿನೋಬನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಬಕ್ಕೇಶನಿಗೆ ಫೋನ್ ಮಾಡಿದಳು. ಅವನು ಮಾಯಕೊಂಡದ ಶಾಲೆಯೊಂದರಲ್ಲಿ ಕೆಲಸದ ಮೇಲಿದ್ದ.

"ಹಳೇದನ್ನ ಆಫ್ ಮಾಡಬ್ಯಾಡ್ರಿ ಅಕ್ಕಾ. ಆಫ್ ಮಾಡಿದ್ರೆ ಮತ್ತೆ ಏಳ್ತದೋ ಇಲ್ವೋ. ಎರಡೂ ಒಂದೇ ಮನೆ ನೆಟ್‌ವರ್ಕಿನಾಗೆ ಅದಾವು. ಲ್ಯಾಪ್‌ಟಾಪಿಗೆ ಎಳ್ಕೊಂಡುಬಿಡಾನ."

ಅವನು ಹೇಳಿದಂತೆ ಸುಷ್ಮಾ ಹಳೆಯದರಲ್ಲಿ ಸ್ಕ್ಯಾನಿನ ಫೋಲ್ಡರನ್ನು ಹಂಚಿಕೆಗೆ ತೆರೆದಳು. ಕೋಣೆಗೆ ಓಡಿ ಲ್ಯಾಪ್‌ಟಾಪಿನಲ್ಲಿ ನೋಡಿದಳು. ಅಲ್ಲಿ ಲ್ಯಾಪ್‌ಟಾಪಿನ ಹೆಸರೊಂದೇ ಇತ್ತು.

"ಕಾಣವಲ್ದು."

"ಹೊರಗಿನೋರನ್ನ ತಡೆಯೋ ಫೈರ್‌ವಾಲ್ ಸ್ವಲ್ಪ ಹೊತ್ತು ಬಂದ್ ಮಾಡ್ರಿ, ಎರಡರಾಗೂ."

ಮಾಡಿದಳು. ಆಗಲೂ ಕಾಣಲಿಲ್ಲ. ಗಡಿಯಾರ ಹನ್ನೊಂದು ದಾಟಿತ್ತು.

"ಹಂಗಾರೆ ಎರಡರ ನೆಟ್‌ವರ್ಕ್ ನಂಬರ್ ನೋಡ್ರಿ. ಕಪ್ಪು ಪರದೆ ತೆಗೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡ್ರಿ. ಒಂದೇ ನೆಟ್‌ವರ್ಕ್ ಆದ್ರೆ ಚುಕ್ಕಿ ನಡುವಿನ ಮೊದಲ ಮೂರು ಸಂಖ್ಯೆ ಎರಡರಾಗೂ..."

ಅಲ್ಲಿಗೆ ಕರೆ ಕಡಿಯಿತು. ಮತ್ತೆ ಎಷ್ಟು ಒತ್ತಿದರೂ ಅವನು ಸಿಗಲಿಲ್ಲ.

ಸುಷ್ಮಾ ಎರಡೂ ನಂಬರುಗಳನ್ನು ಅಂಗೈ ಮೇಲೆ ಬರೆದುಕೊಂಡಳು. ಹಳೆಯದು 192.168.1.5. ಲ್ಯಾಪ್‌ಟಾಪ್ 192.168.0.7. ಮೂರನೆಯ ಸಂಖ್ಯೆ ಬೇರೆ. ಒಂದೇ ಮನೆಯಲ್ಲಿ ಯಾಕೆ ಬೇರೆ ಎಂದು ಅವಳಿಗೆ ಹೊಳೆಯಲಿಲ್ಲ. ಹಳೆಯ ಕಂಪ್ಯೂಟರಿನ ತಂತಿ ಹಿಡಿದುಕೊಂಡು ಹೊರಟಳು. ಅದು ಬಾಗಿಲ ಪಕ್ಕದ ವೈಫೈ ಡಬ್ಬಿಗೆ ಹೋಗಿತ್ತು. ಅದೇ ಡಬ್ಬಿಯಿಂದ ಇನ್ನೊಂದು ತಂತಿ ಗೋಡೆ ಹಿಡಿದು ಕೋಣೆಗೆ ಹೋಗಿತ್ತು. ಅಲ್ಲಿ ಬೀರುವಿನ ಮೇಲೆ ಎರಡನೆಯ ಡಬ್ಬಿ ಮಿನುಗುತ್ತಿತ್ತು. ಕೋಣೆಗೆ ವೈಫೈ ಸಿಗುವುದಿಲ್ಲವೆಂದು ದಿನೇಶನೇ ತಂದಿಟ್ಟಿದ್ದ. ಲ್ಯಾಪ್‌ಟಾಪ್ ಅದಕ್ಕೆ ಅಂಟಿಕೊಂಡಿತ್ತು. ಒಂದು ಮನೆಯೊಳಗೆ ಎರಡು ನೆಟ್‌ವರ್ಕ್.

ಲ್ಯಾಪ್‌ಟಾಪನ್ನು ಬಾಗಿಲ ಡಬ್ಬಿಯ ವೈಫೈಗೆ ಸೇರಿಸೋಣವೆಂದರೆ ಅದರ ಪಾಸ್‌ವರ್ಡ್ ಅವಳಿಗೆ ಗೊತ್ತಿರಲಿಲ್ಲ. ದಿನೇಶ ಫೋನ್ ಎತ್ತಲಿಲ್ಲ. ಕುರ್ಚಿ ಹತ್ತಿ ಬೀರುವಿನ ಡಬ್ಬಿಯಿಂದ ತಂತಿ ಕಿತ್ತು ನೇರ ಲ್ಯಾಪ್‌ಟಾಪಿಗೆ ಚುಚ್ಚಿ, ಅದರ ವೈಫೈ ಬಂದ್ ಮಾಡಿದಳು. ಮತ್ತೆ ನಂಬರ್ ನೋಡಿದಳು. 192.168.1.9.

ಈಗ ಹಳೆಯ ಕಂಪ್ಯೂಟರ್ ಕಾಣಿಸಿತು. ಒತ್ತಿದರೆ ಬಳಕೆದಾರನ ಹೆಸರು, ಗುಪ್ತಪದ ಕೇಳಿತು. ನಡುಮನೆಗೆ ಓಡಿ, ಬಕ್ಕೇಶ ತೆರೆಸಿದ್ದ ಹಂಚಿಕೆಯ ಪುಟವನ್ನು ಒಂದೊಂದೇ ಸಾಲು ಓದಿದಳು. ಕಟ್ಟಕಡೆಯಲ್ಲಿ ಪಾಸ್‌ವರ್ಡ್ ಕೇಳುವುದನ್ನು ನಿಲ್ಲಿಸುವ ಆಯ್ಕೆ ಇತ್ತು. ಒತ್ತಿ ಬಂದಳು. ಫೋಲ್ಡರ್ ತೆರೆಯಿತು.

ನಕಲು ಶುರುವಾಯಿತು. ಶೇಕಡಾ ಎಪ್ಪತ್ತೊಂದಕ್ಕೆ ಬಂದು ನಿಂತಿತು. ನಡುಮನೆಯಿಂದ ಟಕ್ ಟಕ್ ಸದ್ದು ಜೋರಾಯಿತು. ಅವಳು ಏನನ್ನೂ ಮುಟ್ಟದೆ ಕೈಕಟ್ಟಿ ಕೂತಳು. ಎರಡು ನಿಮಿಷ ಕಳೆದಿರಬಹುದು. ಎಪ್ಪತ್ತೆರಡು ಆಯಿತು.

ನಕಲು ಮುಗಿದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು; ಇಂಟರ್ನೆಟ್ಟಿನಲ್ಲಿ ಕಳಿಸಲು ಫೋಲ್ಡರ್ ತೀರ ದೊಡ್ಡದಾಗಿತ್ತು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದಳು. ದಾವಣಗೆರೆಯ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಹನ್ನೆರಡೂವರೆ ದಾಟಿತ್ತು. ಊರಮ್ಮನಿಗೆ ಆಗಲೇ ಹಸಿರು ಬಟ್ಟೆ ತೊಡಿಸಿದ್ದರು.

ಡಾಕ್ಟರು ಹಳೆಯ, ಹೊಸ ಎರಡೂ ಸ್ಕ್ಯಾನ್ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದರು. ಮತ್ತೊಮ್ಮೆ ಅಳೆದರು.

"ಒಂದು ಮಿಲಿಮೀಟರೂ ಬೆಳೆದಿಲ್ಲ. ಹಳೇ ಗಾಯದ ಕಲೆ ಇದು. ಇವತ್ತು ಕೊಯ್ಯೋದು ಬೇಡ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ."

ದಿನೇಶ ಗೋಡೆಗೆ ಒರಗಿದ. ಸುಷ್ಮಾಳನ್ನು ಕೇಳಿದ, "ಹೆಂಗೆ ತೆಗೆದೆ ಅದನ್ನ?"

"ತಂತಿ ಬದಲು ಮಾಡ್ದೆ," ಎಂದಳು ಸುಷ್ಮಾ.

ಒಳಗಿನಿಂದ ಊರಮ್ಮ ನರ್ಸಿಗೆ ಹೇಳುತ್ತಿದ್ದುದು ಕೇಳಿಸಿತು. "ನಿನ್ನೆ ರಾತ್ರಿಯಿಂದ ಹೊಟ್ಟಿಗೆ ಏನೂ ಇಲ್ಲವ್ವ. ಕೊಯ್ಯಂಗಿಲ್ಲ ಅಂದಮ್ಯಾಲೆ ಒಂದು ಲೋಟ ಚಾ ಆದ್ರೂ ಕೊಡ್ರಿ."